ಎಲ್‌ಎಲ್3.00: ಉಲ್ಕಾಶಿಲೆಯ ದರ್ಜೆ ಗೊತ್ತುಮಾಡುವುದು ಹೇಗೆ?

1940ರಲ್ಲಿ ಈಗಿನ ಮಧ್ಯಪ್ರದೇಶದ ಸೆಮರ್ಕೋನಾದಲ್ಲಿ ಒಂದು ಉಲ್ಕಾಶಿಲೆ ಬಿತ್ತು. ತೂಕ ಮುಕ್ಕಾಲು ಕಿಲೋಗೂ ಕಡಿಮೆ. ಆದರೂ ಅದಕ್ಕೆ ಸಿಕ್ಕ ‘ಎಲ್‌ಎಲ್3.00’ ಎಂಬ ದರ್ಜೆ ಉಲ್ಕಾತಜ್ಞರಿಗೆಲ್ಲ ಬಾಯಿಪಾಠ. ಅಕ್ಷರ ಹೇಳುವುದು ಕಲ್ಲಿನ ಕುಲ, ಅಂಕಿ ಹೇಳುವುದು ಅದು ಪಟ್ಟ ಪಾಡು.

ಮೊದಲು ಕಲ್ಲಿನಿಂದ ಬಿಲ್ಲೆ ಕೊಯ್ದು, 0.03 ಮಿ.ಮೀ. ದಪ್ಪಕ್ಕೆ ಇಳಿಯುವವರೆಗೆ ಉಜ್ಜುತ್ತಾರೆ. ಆಗ ಕಲ್ಲಿನೊಳಗೂ ಬೆಳಕು ಹಾಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಹುಡುಕುವುದು ಕಾಂಡ್ರೂಲ್‌ಗಳನ್ನು. ಹೆಚ್ಚಿನವು ರಾಗಿಕಾಳಿಗಿಂತ ಚಿಕ್ಕವು. ಸುಮಾರು 456 ಕೋಟಿ ವರ್ಷಗಳ ಹಿಂದೆ ಎಳೆಯ ಸೂರ್ಯನ ಸುತ್ತಲಿನ ಧೂಳು ಕರಗಿ, ಹನಿಯಾಗಿ ಗಟ್ಟಿಯಾದ ಗುಂಡುಗಳು. ಇವು ಕಂಡರೆ ಕಲ್ಲು ಕಾಂಡ್ರೈಟ್.

ಎರಡನೆಯದು ಕುಲ. ಹರಳಿನ ಧಾತುಗಳನ್ನು ಎಲೆಕ್ಟ್ರಾನ್ ಕಿರಣದಿಂದ ಅಳೆಯುವ ಉಪಕರಣವಾದ ಎಲೆಕ್ಟ್ರಾನ್ ಮೈಕ್ರೋಪ್ರೋಬ್‌ನಿಂದ ಆಲಿವಿನ್ ಖನಿಜದಲ್ಲಿ ಮೆಗ್ನೀಸಿಯಂ-ಕಬ್ಬಿಣಗಳ ಪೈಕಿ ಕಬ್ಬಿಣದ ಪಾಲೆಷ್ಟು ಎಂದು ಅಳೆಯುತ್ತಾರೆ. ಸಾಮಾನ್ಯ ಕಾಂಡ್ರೈಟ್‌ಗಳಲ್ಲಿ ಅದು ಶೇ 16–20 ಇದ್ದರೆ ಎಚ್ (ಬಿಡಿ ಲೋಹ ಹೆಚ್ಚಿರುವ ಕುಲ), 23–26 ಇದ್ದರೆ ಎಲ್ (ಲೋಹ ಕಡಿಮೆ), ಲೋಹ ಇನ್ನೂ ಕಡಿಮೆಯಾಗಿ 27–32 ಇದ್ದರೆ ಎಲ್‌ಎಲ್. ಸೆಮರ್ಕೋನಾದಂಥ ಕಲ್ಲಿಗೆ ಮಾತ್ರ ಈ ಲೆಕ್ಕ ಹಿಡಿಸದು. ಅದರಲ್ಲಿ ಒಂದೊಂದು ಆಲಿವಿನ್ ಹರಳೂ ಒಂದೊಂದು ಉತ್ತರ ಕೊಡುತ್ತದೆ. ಅಂಥಲ್ಲಿ ಲೋಹದ ಪ್ರಮಾಣ, ಕಾಂಡ್ರೂಲ್‌ಗಳ ಗಾತ್ರ, ಆಮ್ಲಜನಕದ ಐಸೋಟೋಪ್‌ಗಳನ್ನು ನೋಡಬೇಕು.

ಅಂಕಿಯ ವಿಷಯದಲ್ಲಿ ಎಡವುವವರೇ ಹೆಚ್ಚು. ವಿಜ್ಞಾನಿಗಳಾದ ವ್ಯಾನ್ ಷ್ಮಸ್ ಮತ್ತು ವುಡ್ 1967ರಲ್ಲಿ ರೂಪಿಸಿದ ಈ ಪಟ್ಟಿಯಲ್ಲಿ 1 ಆರಂಭವಲ್ಲ; ಕಡಿಮೆ ಬದಲಾದದ್ದು 3. ಅಲ್ಲಿಂದ 6ರ ಕಡೆಗೆ ಹೋದಂತೆ ಕ್ಷುದ್ರಗ್ರಹದೊಳಗಿನ ಕಾವಿಗೆ ಕಾಂಡ್ರೂಲ್‌ಗಳ ಅಂಚು ಮಾಸುತ್ತದೆ, ಆಲಿವಿನ್ ಹರಳುಗಳೆಲ್ಲ ಒಂದೇ ಸಮನಾಗುತ್ತವೆ. 2, 1ರ ಕಡೆಗೆ ಹೋದರೆ ನೀರಿನ ಕೆಲಸ: ಖನಿಜಗಳು ಜೇಡಿಯಾಗುತ್ತವೆ. 2017ರಲ್ಲಿ ಜೈಪುರದ ಬಳಿ ಬಿದ್ದ ಮುಕುಂದಪುರ ಕಲ್ಲು ಸಿಎಂ2 (ಸಿ ಎಂದರೆ ಇಂಗಾಲಯುಕ್ತ ಕಾಂಡ್ರೈಟ್; ಸಿಎಂ, ಸಿಐ ಅದರ ಕುಲಗಳು). 1864ರಲ್ಲಿ ಫ್ರಾನ್ಸ್‌ನಲ್ಲಿ ಬಿದ್ದ ಓರ್ಗೇ ಸಿಐ1. ಅದರಲ್ಲಿ ಕಾಂಡ್ರೂಲ್ ಹುಡುಕಿದರೂ ಸಿಗದು. ಆದರೆ ಹಗುರ ಅನಿಲಗಳನ್ನು ಬಿಟ್ಟರೆ ಸೂರ್ಯನ ಧಾತುಗಳ ಪ್ರಮಾಣಕ್ಕೆ ಅದರಷ್ಟು ಹತ್ತಿರದ ಕಲ್ಲು ಇನ್ನೊಂದಿಲ್ಲ ಎನ್ನಬಹುದು. ಹಾಗಾಗಿ ‘ಅತ್ಯಂತ ಆದಿಮ’ ಎಂದು ಯಾರಾದರೂ ಬರೆದರೆ, ರಚನೆಯಲ್ಲೋ ರಸಾಯನದಲ್ಲೋ ಎಂದು ಕೇಳಲೇಬೇಕು.

ಒಂದು ಅಂಕಿಯನ್ನು ಇನ್ನಷ್ಟು ಸೂಕ್ಷ್ಮ ಹಂತಗಳಾಗಿ ಸೀಳುವ ದಶಮಾಂಶ 3ಕ್ಕಷ್ಟೇ ಸೀಮಿತವಲ್ಲ, ಆದರೆ ಹೆಚ್ಚು ಬಳಕೆ ಅಲ್ಲೇ. ತುಸು ಕಾವು ತಗುಲಿದರೂ ಆಲಿವಿನ್‌ನೊಳಗಿನ ಕ್ರೋಮಿಯಂ ಬೇರ್ಪಡತೊಡಗುತ್ತದೆ. ಸೆಮರ್ಕೋನಾದಲ್ಲಿ ಅದು ಬಹುಪಾಲು ಇದ್ದಲ್ಲೇ ಇದೆ, 3.00 ಸಿಕ್ಕಿದ್ದು ಅದಕ್ಕೇ. ಅದರ ಸಂದುಗಳ ಪುಡಿಗೂ ಒಂದಿಷ್ಟು ನೀರು ತಾಗಿದೆ ಅನ್ನುವುದು ಬೇರೆ ಮಾತು.

ಉಳಿದದ್ದು ಡಿಕ್ಕಿಯ ಆಘಾತ (ಎಸ್1–ಎಸ್6), ಭೂಮಿಯಲ್ಲಿ ಹಿಡಿದ ತುಕ್ಕು. ಕೊನೆಗೆ 20 ಗ್ರಾಂ ಅಥವಾ ಶೇ 20, ಯಾವುದು ಕಡಿಮೆಯೋ ಅಷ್ಟನ್ನು ಸಂಗ್ರಹಾಲಯಕ್ಕೆ ಕೊಟ್ಟು, ಉಲ್ಕಾತಜ್ಞರ ಅಂತರರಾಷ್ಟ್ರೀಯ ಸಂಘವಾದ ಮೀಟಿಯೊರಿಟಿಕಲ್ ಸೊಸೈಟಿಯ ಸಮಿತಿಯಿಂದ ಹೆಸರಿಗೆ ಒಪ್ಪಿಗೆ ಪಡೆಯಬೇಕು.

1866ರಲ್ಲಿ ಉಡುಪಿಯಲ್ಲಿ ಬಿದ್ದ ಕಲ್ಲು ಎಚ್5: ಲೋಹ ಹೆಚ್ಚು, ಕಾವಿಗೆ ಚೆನ್ನಾಗಿಯೇ ಬೆಂದದ್ದು.