ಒಂದೇ ಸಾಗವಾನಿ, ಮೂರು ಲೆಕ್ಕ

ಕಲಘಟಗಿ ಕಡೆಯ ಹೊಲಗಳಲ್ಲಿ ಬದುವಿನ ಸಾಗವಾನಿ ಅಳೆದುಕೊಡುತ್ತೇನೆ. ಮಾರುವ ಮೊದಲು ಎಷ್ಟು ನಾಟಾ ಸಿಗಬಹುದು ಅಂತ ರೈತರಿಗೆ ಒಂದು ಅಂದಾಜು ಬೇಕಲ್ಲ, ಅದಕ್ಕೆ.

ಮೊದಲು ಎದೆಮಟ್ಟದ ಸುತ್ತಳತೆ. ನಮ್ಮ ದೇಶದಲ್ಲಿ ಅದು ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಅಷ್ಟುದ್ದದ ಒಂದು ಬಿದಿರುಕೋಲು ಸದಾ ಜೊತೆಗಿರುತ್ತದೆ. ನೆಲ ಇಳಿಜಾರಿದ್ದರೆ ಕೋಲನ್ನು ಏರಿನ ಕಡೆ ನಿಲ್ಲಿಸುತ್ತೇನೆ. ಟೇಪು ಸೊಟ್ಟಗೆ ಸುತ್ತಿದರೆ ಅಳತೆ ಯಾವಾಗಲೂ ಜಾಸ್ತಿಯೇ ಬರುತ್ತದೆ. ಹಾಗಾಗಿ ಹಿಂದೆ ಹೋಗಿ ಒಮ್ಮೆ ನೋಡಲೇಬೇಕು.

"ಅಲ್ರೀ, ಇಷ್ಟು ಅಳದ್ರ ಮುಗೀತಲ್ರೀ?" ಅಂತ ಬಹಳ ಜನ ಕೇಳುತ್ತಾರೆ. ಮುಗಿಯುವುದಿಲ್ಲ. ಕಾಂಡ ಪೈಪಿನ ಹಾಗೆ ಒಂದೇ ದಪ್ಪ ಇರುವುದಿಲ್ಲ. ಅದರಲ್ಲೂ ಬದುವಿನ ಗಿಡಕ್ಕೆ ಸುತ್ತಲೂ ಬಿಸಿಲು, ಬಯಲ ಗಾಳಿ. ಕೊಂಬೆ ಕೆಳಗೇ ಒಡೆಯುತ್ತದೆ, ಬೊಡ್ಡೆ ದಪ್ಪಗಾಗುತ್ತದೆ, ಮೇಲೆ ಹೋದಂತೆ ಬೇಗ ಸಣ್ಣಗಾಗುತ್ತದೆ. ಒತ್ತಾಗಿ ಬೆಳೆದ ಪ್ಲಾಂಟೇಶನ್ ಸಾಗವಾನಿಯಲ್ಲಿ ಇಷ್ಟು ಇಳಿತ ಇರುವುದಿಲ್ಲ. ಅಲ್ಲಿಯ ಲೆಕ್ಕವನ್ನು ಸುಮ್ನೆ ಇಲ್ಲಿಗೆ ತಂದು ಹಾಕಬಾರದು.

ಅದಕ್ಕೇ ಏಣಿ ಹಾಕಿ ನಡು ಸುತ್ತಳತೆ ತೆಗೆಯುತ್ತೇನೆ. ಒಂದು ಗಿಡ ಹಿಡಿಯಿರಿ. ಕವಲಿನವರೆಗೆ ಕಾಂಡ 6 ಮೀಟರ್, ಎದೆಮಟ್ಟದಲ್ಲಿ 100 ಸೆಂಟಿಮೀಟರ್, 3 ಮೀಟರ್ ಎತ್ತರದಲ್ಲಿ 84. ಸುತ್ತಳತೆಯನ್ನು ಮೀಟರಿಗೆ ತಂದು, ಅದರ ವರ್ಗವನ್ನು 12.57ರಿಂದ (ಅಂದರೆ 4π) ಭಾಗಿಸಿದರೆ ಅಡ್ಡಕೊಯ್ತದ ಕ್ಷೇತ್ರಫಲ, ಅದನ್ನು ಉದ್ದದಿಂದ ಗುಣಿಸಿದರೆ ಗಾತ್ರ. ಎದೆಮಟ್ಟದ ಅಳತೆ ಹಾಕಿದರೆ 0.48 ಘನ ಮೀಟರ್, ಹೆಚ್ಚುಕಡಿಮೆ 17 ಘನ ಅಡಿ. ನಡುವಿನದು ಹಾಕಿದರೆ 0.34, ಅಂದರೆ 12 ಘನ ಅಡಿ. ಗಿಡ ಅದೇ, ಐದು ಘನ ಅಡಿ ಗಾಳಿಗೆ ಹೋಯಿತು!

ಇನ್ನು ವ್ಯಾಪಾರಿಯ ಲೆಕ್ಕ. ಅವರು ನಡು ಸುತ್ತಳತೆಯ ಕಾಲು ಭಾಗ ತೆಗೆದು, ಅದರ ವರ್ಗವನ್ನು ಉದ್ದದಿಂದ ಗುಣಿಸುತ್ತಾರೆ. ಹಾಪಸ್ ಲೆಕ್ಕ ಅನ್ನುವುದು ಇದಕ್ಕೇ. ಇದೇ ಗಿಡಕ್ಕೆ 9 ಘನ ಅಡಿ ಚಿಲ್ಲರೆ ಬರುತ್ತದೆ. ನಿಜವಾದ ಗಾತ್ರದ ಶೇ 78.5 ಮಾತ್ರ. ರೈತರಿಗೆ ಇದು ಮೋಸ ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸಿಲ್ಲ, ದುಂಡು ದಿಮ್ಮಿಯನ್ನು ಚೌಕ ಮಾಡುವಾಗ ಹೋಗುವುದು ಹೋಗೇ ಹೋಗುತ್ತದೆ. ಆದರೆ ದರ ಯಾವ ಲೆಕ್ಕದ ಮೇಲೆ ಅಂತ ಮೊದಲೇ ಕೇಳಬೇಕು, ಅಲ್ವಾ?

ಚೀಟಿಯಲ್ಲಿ ನಡುವಿನ ಅಳತೆಯ ಎರಡೂ ಅಂಕಿ ಬರೆದುಕೊಡುತ್ತೇನೆ. ಕೆಳಗೆ ಇನ್ನೊಂದು ಸಾಲು: ಇದು ತೊಗಟೆ ಸೇರಿದ ಅಳತೆ, ತೊಗಟೆಗೆ ಎಷ್ಟು ಕಳೆಯುತ್ತಾರೆ ಅಂತ ಗಿಡ ಕಡಿಯುವ ಮೊದಲೇ ಮಾತಾಡಿಕೊಳ್ಳಿ.