ನಿಧಾನವಾದ ಹಳೆಯ ಕಂಪ್ಯೂಟರ್: ಮೊದಲು ರ‍್ಯಾಮ್, ಆಮೇಲೆ ಆಪರೇಟಿಂಗ್ ಸಿಸ್ಟಂ

ರಾಯಚೂರು, ಸಿಂಧನೂರು, ಗಂಗಾವತಿಯ ಅಡತಿ ಅಂಗಡಿಗಳಲ್ಲಿ, ರೈಸ್ ಮಿಲ್ಲುಗಳ ಕಚೇರಿಗಳಲ್ಲಿ, ಆನ್‌ಲೈನ್ ಅರ್ಜಿ ತುಂಬಿಕೊಡುವ ಝೆರಾಕ್ಸ್ ಅಂಗಡಿಗಳಲ್ಲಿ ಹತ್ತು–ಹನ್ನೆರಡು ವರ್ಷ ಹಳೆಯ ಕಂಪ್ಯೂಟರ್‌ಗಳು ಇಂದಿಗೂ ದಿನವಿಡೀ ದುಡಿಯುತ್ತಿವೆ. ಅವು ನಿಧಾನವಾದಾಗ ಕೇಳಿಬರುವ ಸಲಹೆಗಳು ಎರಡೇ: ಫಾರ್ಮ್ಯಾಟ್ ಹೊಡೆಸಿ, ಇಲ್ಲವಾದರೆ ಹೊಸದು ತನ್ನಿ. ಫಾರ್ಮ್ಯಾಟ್ ಮಾಡಿದ ಯಂತ್ರ ಕೆಲವು ದಿನ ಚುರುಕಾಗಿದ್ದು, ಬ್ರೌಸರ್, ಆಂಟಿವೈರಸ್, ಪ್ರಿಂಟರ್ ತಂತ್ರಾಂಶಗಳೆಲ್ಲ ಮತ್ತೆ ಸೇರಿಕೊಂಡ ಮೇಲೆ ಮೊದಲಿನಂತೆಯೇ ತೆವಳತೊಡಗುತ್ತದೆ. ಕೊರತೆ ಮೆಮೊರಿಯಲ್ಲಿ, ಅಂದರೆ ರ‍್ಯಾಮಿನಲ್ಲಿ, ಇದ್ದರೆ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದು ತುಂಬುವುದಿಲ್ಲ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಕೊರತೆ ಎಲ್ಲಿದೆ ಎಂಬುದನ್ನು ಅಳೆದು ನೋಡುವುದೇ ಈ ಕೆಲಸದ ಮೊದಲ ಮತ್ತು ಅತಿ ಮುಖ್ಯ ಹಂತ.

ರ‍್ಯಾಮ್ ಅಡತಿ ಅಂಗಡಿಯ ಮುಂದಿನ ಕಟ್ಟೆಯಿದ್ದಂತೆ, ಹಾರ್ಡ್ ಡಿಸ್ಕ್ ಹಿಂದಿನ ಗೋದಾಮಿದ್ದಂತೆ. ಕಟ್ಟೆ ಚಿಕ್ಕದಾದರೆ ಪ್ರತಿ ಚೀಲವನ್ನೂ ಒಳಗಿಟ್ಟು ಹೊರತೆಗೆಯುವುದರಲ್ಲೇ ಹೊತ್ತು ಹೋಗುತ್ತದೆ. ಎರಡು ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ನಾಲ್ಕೈದು ವೆಬ್ ಪುಟಗಳನ್ನು ತೆರೆದರೆ ಆಪರೇಟಿಂಗ್ ಸಿಸ್ಟಂ ಮಾಡುವುದು ಇದನ್ನೇ: ಮೆಮೊರಿಯಲ್ಲಿ ಹಿಡಿಸದ ಮಾಹಿತಿಯನ್ನು ಹಾರ್ಡ್ ಡಿಸ್ಕಿಗೆ ಬರೆದಿಟ್ಟು, ಬೇಕಾದಾಗ ಓದಿ ತರುತ್ತದೆ.

ಅಳೆಯುವುದು ಹೇಗೆ

ವಿಂಡೋಸ್ 10 ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿಯನ್ನು ಆರಿಸಿ, ದಿನನಿತ್ಯ ಬಳಸುವ ತಂತ್ರಾಂಶಗಳನ್ನೆಲ್ಲ ತೆರೆದಿಟ್ಟು, ಕೆಲಸ ಮಾಡುತ್ತಲೇ ಗಮನಿಸಬೇಕು. ಮೆಮೊರಿ ಸದಾ ಶೇ 85–90ರ ಮೇಲೆಯೇ ನಿಂತಿದ್ದರೆ ರ‍್ಯಾಮ್ ಸಾಲದು ಎಂದು ತಿಳಿಯಬಹುದು. ಮೆಮೊರಿಯಲ್ಲಿ ಜಾಗವಿದ್ದೂ ಡಿಸ್ಕ್ ಮಾತ್ರ ಶೇ 100ರಲ್ಲೇ ನಿಂತಿದ್ದರೆ ನಿಧಾನಕ್ಕೆ ಕಾರಣ ಹಾರ್ಡ್ ಡಿಸ್ಕ್. ಅಲ್ಲಿ ರ‍್ಯಾಮ್ ಹಾಕಿಸಿದರೆ ಹಣ ವ್ಯರ್ಥ, ಹಾರ್ಡ್ ಡಿಸ್ಕಿನ ಬದಲಿಗೆ ಬರುವ, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಬೇಕು. ಎರಡೂ ತುಂಬಿದ್ದರೆ ರ‍್ಯಾಮ್ ಮೊದಲು. ಅದೇ ಪುಟದ ಕೆಳಭಾಗದಲ್ಲಿ ರ‍್ಯಾಮ್ ಕೂಡಿಸುವ ಸ್ಲಾಟ್‌ಗಳು ಒಟ್ಟು ಎಷ್ಟಿವೆ, ಎಷ್ಟು ತುಂಬಿವೆ, ರ‍್ಯಾಮಿನ ವೇಗ ಎಷ್ಟು ಎಂಬ ವಿವರಗಳಿರುತ್ತವೆ. ವಿಂಡೋಸ್ 7 ಈ ವಿವರ ತೋರಿಸುವುದಿಲ್ಲವಾದ್ದರಿಂದ ಸಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶವನ್ನು ಬಳಸಬಹುದು. ಅದು ಮದರ್‌ಬೋರ್ಡಿನ ಮಾದರಿಯನ್ನೂ ಹೇಳುತ್ತದೆ. ಅದನ್ನು ತಪ್ಪದೆ ಬರೆದಿಟ್ಟುಕೊಳ್ಳಬೇಕು.

ಇನ್ನೊಂದು ವಿಷಯವನ್ನು ಇಲ್ಲಿಯೇ ನೋಡಿಕೊಳ್ಳಬೇಕು, ಏಕೆಂದರೆ ರ‍್ಯಾಮ್ ಮತ್ತು ಆಪರೇಟಿಂಗ್ ಸಿಸ್ಟಂ ಎರಡನ್ನೂ ಒಂದೇ ಕೆಲಸವೆಂದು ನೋಡಬೇಕಾದ ಕಾರಣ ಇದರಲ್ಲಿದೆ. ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದ ಅಬೌಟ್ ಪುಟದಲ್ಲಿ ಆಪರೇಟಿಂಗ್ ಸಿಸ್ಟಂ 32-ಬಿಟ್ ಎಂದು ಬರೆದಿದ್ದರೆ, ಯಂತ್ರಕ್ಕೆ 8 ಜಿಬಿ ರ‍್ಯಾಮ್ ಹಾಕಿದರೂ ಅದು ಬಳಸುವುದು 4 ಜಿಬಿಯೊಳಗೆ ಮಾತ್ರ, ಅನೇಕ ಯಂತ್ರಗಳಲ್ಲಿ ಸುಮಾರು ಮೂರೂಕಾಲು ಜಿಬಿ. ಪ್ರೊಸೆಸರ್ 64-ಬಿಟ್ ಆಗಿದ್ದರೂ ಮೊದಲಿಗೆ 2 ಜಿಬಿ ರ‍್ಯಾಮ್ ಇದ್ದ ಕಾರಣ 32-ಬಿಟ್ ವಿಂಡೋಸ್ ಹಾಕಿಕೊಟ್ಟ ಯಂತ್ರಗಳು ನಮ್ಮ ಭಾಗದಲ್ಲಿ ಬಹಳ ಇವೆ. 32-ಬಿಟ್‌ನಿಂದ 64-ಬಿಟ್‌ಗೆ ಅಪ್‌ಗ್ರೇಡ್ ಮಾಡುವ ದಾರಿಯಿಲ್ಲ, ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು.

ಯಾವ ರ‍್ಯಾಮ್ ಕೊಳ್ಳಬೇಕು

ರ‍್ಯಾಮಿನ ತಲೆಮಾರುಗಳಾದ ಡಿಡಿಆರ್2, ಡಿಡಿಆರ್3, ಡಿಡಿಆರ್4 ಇವುಗಳಲ್ಲಿ ಒಂದರ ಸ್ಲಾಟಿಗೆ ಇನ್ನೊಂದು ಕೂಡುವುದಿಲ್ಲ. ಪ್ರತಿಯೊಂದರ ಅಂಚಿನಲ್ಲಿರುವ ಕಚ್ಚಿನ ಜಾಗವೇ ಬೇರೆ. ಡಿಡಿಆರ್3ಕ್ಕೆ 1.5 ವೋಲ್ಟ್, ಡಿಡಿಆರ್3ಎಲ್‌ಗೆ 1.35 ವೋಲ್ಟ್ ಸಾಕು. ಸಾಮಾನ್ಯವಾಗಿ 3ಎಲ್ ಎರಡೂ ಕಡೆ ನಡೆಯುತ್ತದೆ. ಆದರೆ ಇಂಟೆಲ್‌ನ ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪ್‌ಗಳು ಹೆಚ್ಚಾಗಿ 3ಎಲ್ ಅನ್ನೇ ಕೇಳುತ್ತವೆ, ಮಾಮೂಲು ಡಿಡಿಆರ್3 ಹಾಕಿದರೆ ಆನ್ ಆಗದಿರಬಹುದು.

ಜಿ41 ಚಿಪ್‌ಸೆಟ್ಟಿನ (ಬೋರ್ಡಿನ ಭಾಗಗಳನ್ನು ಬೆಸೆಯುವ ಚಿಪ್‌ಗಳ) ಹಳೆಯ ಮದರ್‌ಬೋರ್ಡ್ ಇರುವವರು ವಿಶೇಷ ಎಚ್ಚರ ವಹಿಸಬೇಕು. ಈ ಬೋರ್ಡುಗಳು 8 ಜಿಬಿವರೆಗೆ ಒಪ್ಪಿದರೂ, 4 ಜಿಬಿ ರ‍್ಯಾಮಿನಲ್ಲಿ ಎರಡೂ ಬದಿಗೆ ಎಂಟೆಂಟರಂತೆ ಒಟ್ಟು ಹದಿನಾರು ಚಿಪ್‌ಗಳಿರುವುದನ್ನೇ ಗುರುತಿಸುತ್ತವೆ. ಒಂದೇ ಬದಿಗೆ ಎಂಟು ದೊಡ್ಡ ಚಿಪ್‌ಗಳಿರುವ ಹೊಸ ಬಗೆಯ ರ‍್ಯಾಮ್ ಹಾಕಿದರೆ ಪರದೆಯೇ ಬೆಳಗುವುದಿಲ್ಲ. ಅಂಗಡಿಯಲ್ಲಿ ರ‍್ಯಾಮನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಎಣಿಸಿ ನೋಡುವುದರಲ್ಲಿ ಸಂಕೋಚವೇನೂ ಬೇಡ. ಎಚ್61 ಬೋರ್ಡ್‌ಗಳಿಗೆ ಈ ತೊಡಕಿಲ್ಲ, ಅವು 16 ಜಿಬಿವರೆಗೆ ಒಪ್ಪುತ್ತವೆ.

ಡಿಡಿಆರ್2 ಮತ್ತು ಡಿಡಿಆರ್3 ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಆಗಿಯೇ ಸಿಗುತ್ತವೆ. ಊರಿನಲ್ಲಿ ಸಿಗದಿದ್ದರೆ ರಾಯಚೂರಿನವರಿಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಬಳ್ಳಾರಿ–ಕೊಪ್ಪಳದವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇವೆ. ಹಳೆಯ ರ‍್ಯಾಮನ್ನು ಜೊತೆಗೆ ಒಯ್ದು ತೋರಿಸಿ, ಹೊಂದದಿದ್ದರೆ ಬದಲಿಸಿಕೊಡುವ ಮಾತು ಬಿಲ್ಲಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಬ್ರೌಸರ್ ಮತ್ತು ಕಚೇರಿ ಕೆಲಸಕ್ಕೆ 4 ಜಿಬಿ ಕನಿಷ್ಠ, 8 ಜಿಬಿ ನೆಮ್ಮದಿ.

ಡಬ್ಬಿ ಬಿಚ್ಚಿದ ಮೇಲೆ

ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಪವರ್ ವೈರನ್ನು ಪೂರ್ತಿಯಾಗಿ ಕಿತ್ತು, ಬಳಿಕ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ ಹೋಗುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ನಮ್ಮ ಕಡೆಯ ಗಾಳಿ ಒಣದಾಗಿರುವುದರಿಂದ ಮೈಯಲ್ಲಿ ಸ್ಥಾಯೀ ವಿದ್ಯುತ್ ಬೇಗ ಸೇರುತ್ತದೆ. ಪಾಲಿಯೆಸ್ಟರ್ ಬಟ್ಟೆಯುಟ್ಟು ಕೆಲಸಕ್ಕೆ ಕೂಡಬಾರದು, ರ‍್ಯಾಮ್ ಮುಟ್ಟುವ ಮೊದಲು ಡಬ್ಬಿಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಬೇಕು.

ಬಿಚ್ಚಿದ ಡಬ್ಬಿಯೊಳಗೆ ಏನಿರುತ್ತದೆ ಎಂಬುದು ಊರಿನ ಮೇಲೆ ನಿಂತಿದೆ. ಸಂಡೂರಿನ ಅದಿರು ಲಾರಿಗಳು ಓಡುವ ದಾರಿಯ ಅಂಗಡಿಯಾದರೆ ಕೆಂಧೂಳು, ರೈಸ್ ಮಿಲ್ಲಿನದಾದರೆ ತೌಡಿನ ಪುಡಿ, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನದಾದರೆ ಫ್ಯಾನಿಗೂ ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳಿಗೂ ನಡುವೆ ಕಂಬಳಿಯಂತೆ ಹೆಣೆದುಕೊಂಡ ಹತ್ತಿಯ ನಾರು. ಆ ಪದರದಿಂದ ಗಾಳಿ ದಾಟದೆ ಪ್ರೊಸೆಸರ್ ಬಿಸಿಯಾಗುತ್ತದೆ, ಬಿಸಿಯಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ. ಹೊರಗೆ 40 ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳಲ್ಲಿ ಮಾತ್ರ ಯಂತ್ರ ತೀರಾ ನಿಧಾನವಾಗುತ್ತದೆ ಎನ್ನುವವರು ಬೇರೆಲ್ಲಕ್ಕಿಂತ ಮೊದಲು ಇದನ್ನು ನೋಡಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆದುಕೊಳ್ಳಬೇಕು. ಪ್ರೊಸೆಸರಿನ ಶಾಖವನ್ನು ರೆಕ್ಕೆಗಳಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಹೋಗಿದ್ದರೆ ಬದಲಿಸುವುದು ಲೇಸು. ಗಡಿಯಾರ ಪ್ರತಿ ಸಲವೂ ಹಳೆಯ ತಾರೀಖಿಗೆ ಹೋಗುತ್ತಿದ್ದರೆ ಬೋರ್ಡಿನ ಮೇಲಿರುವ ಸಿಆರ್2032 ಎಂಬ ಪುಟ್ಟ ಸೆಲ್ಲನ್ನೂ ಇದೇ ಹೊತ್ತಿನಲ್ಲಿ ಹೊಸದು ಹಾಕಿಬಿಡಬೇಕು. ತಾರೀಖು ತಪ್ಪಿದ ಯಂತ್ರದಲ್ಲಿ ಬ್ಯಾಂಕಿನ ಪುಟಗಳೂ ತೆರೆಯುವುದಿಲ್ಲ.

ಈಗ ರ‍್ಯಾಮ್. ಸ್ಲಾಟಿನ ಎರಡೂ ತುದಿಯ ಬಿಳಿ ಕೊಂಡಿಗಳನ್ನು ಹೊರಕ್ಕೆ ಒತ್ತಿದರೆ ಹಳೆಯ ರ‍್ಯಾಮ್ ತಾನಾಗಿ ಮೇಲೇಳುತ್ತದೆ. ಹೊಸದನ್ನು ಅಂಚಿನಲ್ಲಿ ಮಾತ್ರ ಹಿಡಿದು, ಅದರ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಬರುವಂತೆ ನಿಲ್ಲಿಸಿ, ಎರಡೂ ತುದಿಗಳನ್ನು ಹೆಬ್ಬೆರಳುಗಳಿಂದ ಸಮನಾಗಿ ಒತ್ತಬೇಕು. ಕೊಂಡಿಗಳು ಟಕ್ಕೆಂದು ತಾವೇ ಮುಚ್ಚಿಕೊಂಡರೆ ಕೂತಿತೆಂದು ಅರ್ಥ. ಅವು ಮುಚ್ಚದಿದ್ದಾಗ ಬಲ ಹಾಕದೆ, ತೆಗೆದು ತಿರುಗಿಸಿ ನೋಡಬೇಕು. ಲ್ಯಾಪ್‌ಟಾಪಿನಲ್ಲಿ ಮೊದಲು ಬ್ಯಾಟರಿಯನ್ನು ಬೇರ್ಪಡಿಸಿ, ರ‍್ಯಾಮನ್ನು ಓರೆಯಾಗಿ ಒಳಸೇರಿಸಿ, ಆಮೇಲೆ ಕೆಳಕ್ಕೆ ಒತ್ತಬೇಕು. ಆನ್ ಮಾಡಿದಾಗ ಬೀಪ್ ಸದ್ದು ಬಂದು ಪರದೆ ಕಪ್ಪಾಗಿಯೇ ಉಳಿದರೆ, ಮತ್ತೆ ವೈರ್ ಕಿತ್ತು ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಪೂರ್ತಿ ಒರೆಸಿ ಕೂಡಿಸಬೇಕು. ಸೆಕೆಂಡ್ ಹ್ಯಾಂಡ್ ರ‍್ಯಾಮ್ ಆದರೆ ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ತಂತ್ರಾಂಶ ಓಡಿಸಿ, ಒಂದೇ ಒಂದು ದೋಷ ಕಂಡರೂ ಅಂಗಡಿಗೆ ಮರಳಿಸಬೇಕು. ದೋಷವಿರುವ ರ‍್ಯಾಮ್ ಲೆಕ್ಕದ ಫೈಲುಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ.

ಅಳತೆಯಲ್ಲಿ ಡಿಸ್ಕ್ ಶೇ 100 ತೋರಿಸಿದ್ದವರು ಇದೇ ಸಮಯದಲ್ಲಿ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಕೊಳ್ಳಲಿ. ಹಾರ್ಡ್ ಡಿಸ್ಕಿನ ಕೇಬಲ್ಲುಗಳೇ ಅದಕ್ಕೂ ಆಗುತ್ತವೆ.

ಯಾವ ಆಪರೇಟಿಂಗ್ ಸಿಸ್ಟಂ

ವಿಂಡೋಸ್ 7ಕ್ಕೆ ಸುರಕ್ಷತಾ ಅಪ್‌ಡೇಟ್‌ಗಳು 2020ರ ಜನವರಿ 14ಕ್ಕೆ ನಿಂತವು. 2023ರ ಆರಂಭದಿಂದ ಹೊಸ ಕ್ರೋಮ್ ಕೂಡ ಅದರಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ ಮೈಕ್ರೋಸಾಫ್ಟ್ ಘೋಷಿಸಿದ ವಿಸ್ತರಿತ ಸುರಕ್ಷತಾ ಅಪ್‌ಡೇಟ್‌ಗಳು 2026ರ ಅಕ್ಟೋಬರ್ 13ರವರೆಗೆ ಸಿಗುತ್ತವೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ ಮತ್ತು ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಈ ಶರತ್ತು ದಾಟಿಸುವ ಅಡ್ಡದಾರಿಗಳಿವೆಯಾದರೂ, ಅಂಥ ಯಂತ್ರಗಳಿಗೆ ಅಪ್‌ಡೇಟ್‌ಗಳ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಹಣದ ವ್ಯವಹಾರ ನಡೆಯುವ ಯಂತ್ರಕ್ಕೆ ಆ ದಾರಿ ಬೇಡವೆಂದೇ ನನ್ನ ಅಭಿಪ್ರಾಯ.

ಹಳೆಯ ಯಂತ್ರಕ್ಕೆ ನಾನು ಸೂಚಿಸುವುದು ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಅದು ಉಚಿತ, 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್‌ಗಳಿವೆ, 2 ಜಿಬಿಯಲ್ಲಿ ನಡೆದು 4 ಜಿಬಿಯಲ್ಲಿ ಆರಾಮಾಗಿ ಓಡುತ್ತದೆ. ಆದರೆ ಅದಕ್ಕೆ 64-ಬಿಟ್ ಪ್ರೊಸೆಸರ್ ಬೇಕೇ ಬೇಕು. ಹಾಗೆಯೇ ಇದು ಎಲ್ಲರಿಗೂ ಒಗ್ಗುವುದಿಲ್ಲ. ಟ್ಯಾಲಿ ಬಳಸುವ ಅಂಗಡಿಯವರು ವಿಂಡೋಸ್‌ನಲ್ಲೇ ಇರಬೇಕು. ಆಧಾರ್ ಬೆರಳಚ್ಚು ಯಂತ್ರ ಇಟ್ಟುಕೊಂಡ ಸೇವಾ ಕೇಂದ್ರದವರು, ಜಿಎಸ್‌ಟಿಗಾಗಿ ಡಿಜಿಟಲ್ ಸಹಿಯ ಟೋಕನ್ ಬಳಸುವವರು ತಮ್ಮ ಸಾಧನಕ್ಕೆ ಲಿನಕ್ಸ್ ತಂತ್ರಾಂಶ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸಿನಲ್ಲಿ ತಾನಾಗಿ ನಡೆಯುವುದಿಲ್ಲ, ಅದಕ್ಕೆ ಪ್ರತ್ಯೇಕ ಡ್ರೈವರ್ ಹೊಂದಿಸುವ ತಾಳ್ಮೆ ಬೇಕು. ಪಹಣಿ ತೆಗೆಯುವುದು, ಅರ್ಜಿ ತುಂಬುವುದು, ಪತ್ರ ಬರೆಯುವುದು, ಮಕ್ಕಳ ಓದು ಇವಕ್ಕೆ ಯಾವ ಅಡ್ಡಿಯೂ ಇಲ್ಲ.

ಇನ್‌ಸ್ಟಾಲ್ ಮಾಡುವ ಕ್ರಮ

ಮೊದಲು ಬ್ಯಾಕಪ್. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್‌ನ ಫೈಲುಗಳು ಸಿ ಡ್ರೈವಿನಲ್ಲೇ ಇರುತ್ತವೆ ಎಂಬುದನ್ನು ಮರೆಯಬಾರದು. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಮತ್ತು ನುಡಿ ಕನ್ನಡ ತಂತ್ರಾಂಶದ ಫಾಂಟುಗಳನ್ನೂ ಸೇರಿಸಿ ಎರಡು ಕಡೆ ನಕಲು ಇಟ್ಟುಕೊಳ್ಳಬೇಕು. ಬಳಿಕ ಮಿಂಟ್ ಪೂರ್ತಿಯಾಗಿ ಅಡಗಿರುವ ಐಎಸ್‌ಒ ಫೈಲನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ರೂಫಸ್ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವಿಗೆ ಬರೆಯಬೇಕು. ಪೆನ್‌ಡ್ರೈವಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಆನ್ ಮಾಡುವಾಗಲೇ ಯಾವುದರಿಂದ ಆರಂಭಿಸಬೇಕೆಂದು ಕೇಳುವ ಬೂಟ್ ಮೆನುವಿನ ಕೀಲಿಯನ್ನು ಒತ್ತಿ ಪೆನ್‌ಡ್ರೈವನ್ನು ಆರಿಸಬೇಕು. ಡೆಲ್, ಲೆನೊವೊಗಳಲ್ಲಿ ಆ ಕೀಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9.

ತೆರೆದುಕೊಳ್ಳುವ ಮಿಂಟ್ ಇನ್ನೂ ಪೆನ್‌ಡ್ರೈವಿನಿಂದಲೇ ನಡೆಯುತ್ತಿರುತ್ತದೆ, ಹಳೆಯ ವಿಂಡೋಸಿಗೆ ಏನೂ ಆಗಿರುವುದಿಲ್ಲ. ಇದೇ ಸ್ಥಿತಿಯಲ್ಲಿ ವೈಫೈ, ಧ್ವನಿ, ಪ್ರಿಂಟರ್ ಎಲ್ಲವನ್ನೂ ಪರೀಕ್ಷಿಸಿ, ತೃಪ್ತಿಯಾದರೆ ಮಾತ್ರ ಮುಂದುವರಿಯಬೇಕು. ಇನ್‌ಸ್ಟಾಲ್ ನಡುವೆ ಕರೆಂಟ್ ಹೋದರೆ ಕೆಲಸ ಕೆಡುವುದರಿಂದ, ಪತ್ರಿಕೆಯಲ್ಲಿ ಬರುವ ಜೆಸ್ಕಾಂನ ವಿದ್ಯುತ್ ವ್ಯತ್ಯಯದ ಪ್ರಕಟಣೆ ನೋಡಿ ದಿನ ಗೊತ್ತುಮಾಡಿಕೊಳ್ಳಬೇಕು. ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು. ಎಸ್‌ಎಸ್‌ಡಿ ಹಾಕಿದವರು ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ಲನ್ನು ಕಿತ್ತಿಟ್ಟು ಇನ್‌ಸ್ಟಾಲ್ ಮಾಡಿದರೆ ತಪ್ಪು ಡಿಸ್ಕ್ ಅಳಿಸುವ ಭಯವೇ ಇರುವುದಿಲ್ಲ. ಡಿಸ್ಕ್ ಪೂರ್ತಿ ಅಳಿಸಿ ಇನ್‌ಸ್ಟಾಲ್ ಮಾಡುವ ಆಯ್ಕೆಯನ್ನು ಒತ್ತುವ ಮೊದಲು ಅಲ್ಲಿ ಕಾಣುವ ಡಿಸ್ಕಿನ ಹೆಸರು, ಗಾತ್ರಗಳನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

ಇನ್‌ಸ್ಟಾಲ್ ಆದ ಮೇಲೆ ಅಪ್‌ಡೇಟ್ ಮ್ಯಾನೇಜರನ್ನು ಒಮ್ಮೆ ಪೂರ್ತಿ ಓಡಿಸಬೇಕು. ಕನ್ನಡ ಟೈಪಿಂಗಿಗೆ ಐಬಸ್ ಎಂಬ ತಂತ್ರಾಂಶ ಮತ್ತು ಬೇರೆ ಬೇರೆ ಭಾಷೆಗಳ ಕೀಲಿಮಣೆಗಳಿರುವ ಅದರ ಎಂ17ಎನ್ ಪ್ಯಾಕೇಜನ್ನು ಹಾಕಿಕೊಂಡರೆ, ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಕೆಜಿಪಿ ಕೀಲಿಮಣೆ ಸಿಗುತ್ತದೆ. ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿರುವ ಕಡತಗಳು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದಂತೆ ಕಂಡರೆ ಗಾಬರಿಯಾಗಬೇಕಿಲ್ಲ. ಬ್ಯಾಕಪ್‌ನಲ್ಲಿಟ್ಟ ನುಡಿ ಫಾಂಟನ್ನು ಎರಡು ಸಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿದರೆ ಲಿಬ್ರೆಆಫೀಸ್‌ನಲ್ಲಿ ಅವು ಕನ್ನಡದಲ್ಲೇ ತೆರೆಯುತ್ತವೆ. ಮುಂದೆ ಬರೆಯುವುದನ್ನೆಲ್ಲ ಯುನಿಕೋಡ್‌ನಲ್ಲೇ ಬರೆಯುವುದು ಒಳಿತು. ಎಲ್ಲವೂ ಸರಿಯಿದೆ ಎನಿಸಿದ ದಿನ ಟೈಮ್‌ಶಿಫ್ಟ್ ತಂತ್ರಾಂಶದಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಬೇಕು. ಮುಂದೆ ಯಾವುದಾದರೂ ಅಪ್‌ಡೇಟ್ ತೊಂದರೆ ಕೊಟ್ಟರೆ ಸಿಸ್ಟಮನ್ನು ಆ ಸ್ಥಿತಿಗೆ ಮರಳಿಸಬಹುದು. ಹಳೆಯ ಹಾರ್ಡ್ ಡಿಸ್ಕನ್ನು ಕಳಚಿಟ್ಟವರು ಅದನ್ನು ಕೂಡಲೇ ಅಳಿಸಬಾರದು. ಒಂದು ತಿಂಗಳ ಲೆಕ್ಕಪತ್ರ, ಮುದ್ರಣ, ಅರ್ಜಿಗಳ ಕೆಲಸ ಹೊಸ ವ್ಯವಸ್ಥೆಯಲ್ಲಿ ಸುಸೂತ್ರವಾಗಿ ಮುಗಿದ ಮೇಲೆ, ಬೇಕಾದ ಕಡತಗಳೆಲ್ಲ ಬಂದಿವೆಯೆಂದು ಖಚಿತಪಡಿಸಿಕೊಂಡು, ಅದನ್ನು ಬ್ಯಾಕಪ್ ಇಡಲು ಬಳಸಿಕೊಳ್ಳಬಹುದು.