ಸಿಎಸ್‌ವಿ ಇಂಪೋರ್ಟ್ ಡೈಲಾಗ್ ಮಾಡ್ತಿದ್ದೀರಾ? ಪ್ರಿವ್ಯೂ ಮೊದಲು

ಓಪನ್ ಸೋರ್ಸ್ ಟೂಲ್‌ಗೆ ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಡೇಟಾ ಫೈಲ್) ಇಂಪೋರ್ಟ್ ಸೇರಿಸುವವರಿಗೆ ಒಂದು ಮಾತು: ಆಯ್ಕೆಗಳ ಕೆಳಗೇ ಫೈಲಿನ ಮೊದಲ ಹತ್ತು ಸಾಲು ತೋರಿಸಿ, ಆಯ್ಕೆ ಬದಲಾದ ತಕ್ಷಣ ಅದೂ ಬದಲಾಗಲಿ. ‘ಕ್ಯಾರೆಕ್ಟರ್ ಎನ್‌ಕೋಡಿಂಗ್’ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಪದ್ಧತಿ) ಅಂದರೆ ಎಷ್ಟೋ ಜನಕ್ಕೆ ಗೊತ್ತಿಲ್ಲ, ಆದರೆ ಕನ್ನಡದ ಹೆಸರುಗಳ ಜಾಗದಲ್ಲಿ ವಿಚಿತ್ರ ಗೀಚು ಕಂಡರೆ ಏನೋ ತಪ್ಪಾಗಿದೆ ಅಂತ ಯಾರಿಗಾದರೂ ಗೊತ್ತಾಗುತ್ತೆ, ಯುಟಿಎಫ್-8 ಅನ್ನುವ ಎನ್‌ಕೋಡಿಂಗ್ ಆರಿಸಿದಾಗ ಅದು ಸರಿಯಾಗಿದ್ದೂ ಕಣ್ಣಿಗೆ ಕಾಣುತ್ತೆ. ಬೆಂಗಳೂರಿನ 080 ಫೋನ್ ಕೋಡ್ ಅನ್ನು ಸಂಖ್ಯೆ ಅಂದುಕೊಂಡು ಟೂಲ್ 80 ಮಾಡಿಬಿಡುವುದೂ ಹಾಗೇ, ಅಲ್ಲೇ ಸಿಕ್ಕಿಬೀಳುತ್ತೆ. ಆ ಕಾಲಂ ಮೇಲೆ ಕ್ಲಿಕ್ ಮಾಡಿ ‘ಟೆಕ್ಸ್ಟ್’ ಅಂತ ಬದಲಿಸುವ ದಾರಿ ಕೊಡಿ. ಲಿಬ್ರೆಆಫೀಸ್ ಕ್ಯಾಲ್ಕ್ ಅನ್ನುವ ಸ್ಪ್ರೆಡ್‌ಶೀಟ್ ತಂತ್ರಾಂಶ ಇದನ್ನೇ ಮಾಡುತ್ತೆ, ಒಮ್ಮೆ ತೆರೆದು ನೋಡಿ (ಆಯ್ಕೆಗಳು ಸ್ವಲ್ಪ ಜಾಸ್ತಿಯೇ ಅನ್ನಿ). ಪ್ರಿವ್ಯೂ ಕೈಕೊಡುವುದು ದೊಡ್ಡ ಫೈಲಿನಲ್ಲಿ. ಮೊದಲ ಹತ್ತು ಸಾಲು ಚೆನ್ನಾಗಿದ್ದು 4,000ನೇ ಸಾಲಿನಲ್ಲಿ ಒಂದು ಕೋಟ್ (ಉದ್ಧರಣ ಚಿಹ್ನೆ) ಮುಚ್ಚದೇ ಇದ್ದರೆ ಪ್ರಿವ್ಯೂ ಏನೂ ಹೇಳಲ್ಲ. 03/04/2024 ಏಪ್ರಿಲ್ 3ಓ ಮಾರ್ಚ್ 4ಓ ಅನ್ನುವುದೂ ಅಷ್ಟೇ, ಸುಮ್ನೆ ಊಹಿಸಬೇಡಿ, ಕೇಳಿಬಿಡಿ. ಹಾಗಾಗಿ ಕೊನೆಯಲ್ಲಿ ಎಷ್ಟು ಸಾಲು ಬಂತು, ಯಾವ ನಂಬರಿನ ಸಾಲು ಬರಲಿಲ್ಲ, ಯಾಕೆ ಅಂತ ತೋರಿಸಲೇಬೇಕು. ‘ಇಂಪೋರ್ಟ್ ವಿಫಲ’ ಅಂತ ಮಾತ್ರ ಬರೆದರೆ ಏನು ಪ್ರಯೋಜನ? ಡಾಕ್ಯುಮೆಂಟೇಶನ್‌ನಲ್ಲಿ ಉದ್ದುದ್ದ ವಿವರಣೆಗಿಂತ ಐದು ಸಾಲಿನ ಒಂದು ಮಾದರಿ ಫೈಲ್ ಇಡಿ, ಜನ ಅದರಲ್ಲೇ ತಮ್ಮ ಡೇಟಾ ತುಂಬಿಕೊಳ್ಳುತ್ತಾರೆ. ಅದೇ ಫೈಲನ್ನು ನಿಮ್ಮ ಆಟೋಮ್ಯಾಟಿಕ್ ಟೆಸ್ಟ್‌ಗೂ ಬಳಸಿ, ಕೋಡ್ ಬದಲಾಗಿ ಮಾದರಿ ಹಳತಾದರೆ ಟೆಸ್ಟೇ ಕೂಗಿ ಹೇಳುತ್ತೆ.